ಓಟ ಮುಗಿದ ಮೇಲೆ ಲೆಕ್ಕ ಓದುವವರು ಯಾರು?

ಭಾನುವಾರ ಬೆಳಿಗ್ಗೆ ಆರೂವರೆ. ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದ ಅಜ್ಜಿಯೊಬ್ಬರು ರಸ್ತೆ ಪಕ್ಕ ನಿಂತುಬಿಟ್ಟರು. ಎದುರಿನಿಂದ ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಮುನ್ನೂರು ನಾನ್ನೂರು ಜನ ಓಡಿ ಬರುತ್ತಿದ್ದರು. ಕಾಲೇಜು ಹುಡುಗರು, ಮೇಷ್ಟ್ರುಗಳು, ಪೊಲೀಸರು, ಹೊಟ್ಟೆ ಹಿಡಿದುಕೊಂಡು ಏದುಸಿರು ಬಿಡುವ ಕಂಟ್ರಾಕ್ಟರುಗಳು. ಮುಂದೊಂದು ಮೈಕಿನ ಆಟೋ, ಹಿಂದೊಂದು ಆಂಬುಲೆನ್ಸ್.

"ಯಾಕಪ್ಪ ಇಂಗೆ ಓಡ್ತಾವ್ರೆ? ಏನಾಯ್ತು?" ಅಂತ ಅಜ್ಜಿ ನಮ್ಮನ್ನು ಕೇಳಿದರು.

"ಕ್ಯಾನ್ಸರ್ ಬಂದೋರಿಗೆ ದುಡ್ಡು ಸೇರ್ಸೋಕೆ ಅಜ್ಜಿ. ಅಪ್ಪ ಅವ್ವ ತೀರ್ಕೊಂಡಿರೋ ಮಕ್ಕಳಿಗೂ ಕೊಡ್ತಾರಂತೆ."

"ಓಡುದ್ರೆ ದುಡ್ಡು ಎಂಗಪ್ಪ ಬತ್ತದೆ?"

ಅಜ್ಜಿಯ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಪತ್ರಿಕೋದ್ಯಮ ಓದಿದವರು, ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡವರು, ಅವತ್ತಿನ ಓಟಕ್ಕೆ ತಲಾ ಮುನ್ನೂರು ರೂಪಾಯಿ ಕಟ್ಟಿದವರು ನಾವು. ಆದರೂ ಆ ಮುನ್ನೂರು ಎಲ್ಲಿಗೆ ಹೋಗುತ್ತದೆ ಅಂತ ನಾವು ಕೇಳಿರಲಿಲ್ಲ. ಹಾಲಿನ ಫ್ಯಾಟು ಒಂದು ಪಾಯಿಂಟು ಕಡಿಮೆ ತೋರಿಸಿದರೆ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುವ ಅಜ್ಜಿ ಮಾತ್ರ ಕೇಳಿದರು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಕಡೆಯ ಹಳ್ಳಿಗಳಿಂದ ಬಂದವರು ನಾವು. ಇಂಥ ಓಟಗಳು ಬೇಡ ಎನ್ನಲು ಇದನ್ನು ಬರೆಯುತ್ತಿಲ್ಲ. ಬೇಕು, ಇನ್ನೂ ಹೆಚ್ಚು ಬೇಕು. ಆದರೆ ಊರಹಬ್ಬದ ಲೆಕ್ಕ ಓದುವ ಹಾಗೆ ಓಟದ ಲೆಕ್ಕವನ್ನೂ ಊರ ಮುಂದೆ ಓದಬೇಕು. ಓಡಿದವರ ಕಾಲು ಮೈದಾನದಲ್ಲಿ ನಿಲ್ಲದೆ ಆ ಮಕ್ಕಳ ಮನೆಯವರೆಗೂ, ತಾಲ್ಲೂಕು ಕಚೇರಿಯವರೆಗೂ ಹೋಗಬೇಕು. ನಾವು ಹೇಳಬೇಕಿರುವುದು ಇಷ್ಟೇ.

ಮೊದಲು ನಮ್ಮ ತಪ್ಪು

ಅವತ್ತು ಓಟ ಮುಗಿದ ಮೇಲೆ ವೇದಿಕೆ ಕಾರ್ಯಕ್ರಮ ನಡೆಯಿತು. ಎಂಟನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಮೇಲೆ ಕರೆದರು. ಅವಳ ಅಪ್ಪ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡು ಆರು ತಿಂಗಳಾಗಿತ್ತು. ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕಿನ ಒಂದು ತುದಿಯನ್ನು ಅವಳ ಕೈಗೆ ಕೊಟ್ಟರು, ಇನ್ನೊಂದು ತುದಿ ಹಿಡಿಯಲು ಏಳೆಂಟು ಜನ ನೂಕಾಡಿದರು. ಐದು ಸಾವಿರ ರೂಪಾಯಿ. ಮೈಕಿನಲ್ಲಿ ಅವಳ ಹೆಸರು, ಊರು, ಅಪ್ಪ ಹೇಗೆ ಸತ್ತರು ಅನ್ನುವುದನ್ನೆಲ್ಲ ಹೇಳಿದರು. ಅವಳು ಒಂದು ಸಲವೂ ತಲೆ ಎತ್ತಲಿಲ್ಲ.

ನಾವು ಫೋಟೋ ತೆಗೆದೆವು. ಮುಖ ಸರಿಯಾಗಿ ಬರಲಿ ಅಂತ "ಸ್ವಲ್ಪ ಮೇಲೆ ನೋಡಮ್ಮ" ಎಂದೂ ಹೇಳಿದೆವು. ಸಂಜೆಯೊಳಗೆ ಅದು ನಮ್ಮ ಪುಟದಲ್ಲಿ ಬಂತು, ರಾತ್ರಿಯೊಳಗೆ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು.

ಹದಿನೈದು ದಿನದ ನಂತರ ಅವಳ ಶಾಲೆಯ ಮೇಡಂ ಒಬ್ಬರು ಫೋನ್ ಮಾಡಿದರು. ಫೋಟೋ ಬಂದ ಮೇಲೆ ಹುಡುಗಿ ನಾಲ್ಕು ದಿನ ಶಾಲೆಗೇ ಬಂದಿರಲಿಲ್ಲ. ಬಂದ ಮೇಲೆ ಹಿಂದಿನ ಬೆಂಚಿನಲ್ಲಿ ಕೂತವಳು ಎದ್ದಿಲ್ಲ. ಸಹಪಾಠಿಗಳು ಅವಳನ್ನು "ಚೆಕ್ಕು" ಅಂತ ಕರೆಯಲು ಶುರು ಮಾಡಿದ್ದರು. ನಾವು ಫೋಟೋ ತೆಗೆದುಹಾಕಿದೆವು. ಆದರೆ ನಮ್ಮ ಪುಟದಿಂದ ಹೋದ ಮಾತ್ರಕ್ಕೆ ಊರಿನ ಫೋನುಗಳಿಂದ ಹೋಗುತ್ತದೆಯೇ?

ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಪ್ರಕಾರ ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಹೆಸರು, ವಿಳಾಸ, ಶಾಲೆ, ಫೋಟೋ ಹೀಗೆ ಗುರುತು ಸಿಗುವಂಥ ಯಾವುದನ್ನೂ ಪ್ರಕಟಿಸುವ ಹಾಗಿಲ್ಲ. ಮೀರಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾವು ಇದನ್ನು ಪಾಠದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಪಾಸಾದವರು. ಅಮ್ಮ ಜೊತೆಗಿರುವ ಈ ಹುಡುಗಿ ಆ ಕಲಮಿನೊಳಗೆ ಬರುತ್ತಾಳೋ ಇಲ್ಲವೋ ಎಂಬುದನ್ನು ವಕೀಲರು ವಾದಿಸಲಿ. ತಲೆ ತಗ್ಗಿಸಿದ ಮಗುವಿಗೆ ಮೇಲೆ ನೋಡು ಅಂದವರು ನಾವೇ, ಅದರಲ್ಲಿ ವಾದವಿಲ್ಲ.

ಆಮೇಲೆ ಅವರ ಮನೆಗೆ ಹೋದೆವು. ಕ್ಯಾಮೆರಾ ಒಯ್ಯಲಿಲ್ಲ. ಈ ಬರಹ ಹುಟ್ಟಿದ್ದು ಅಲ್ಲಿ.

ಓಟ ಎಲ್ಲಿಂದ ಬಂತು

ಕಾಯಿಲೆಗಾಗಿ ಓಡುವ ಪದ್ಧತಿಯನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಕೆನಡಾದ ಟೆರ್ರಿ ಫಾಕ್ಸ್ ಮುಖ್ಯ. ಮೂಳೆ ಕ್ಯಾನ್ಸರಿನಿಂದ 1977ರಲ್ಲಿ, ಹದಿನೆಂಟನೇ ವಯಸ್ಸಿಗೆ, ಬಲಗಾಲು ಕಳೆದುಕೊಂಡ ಹುಡುಗ. ಆಸ್ಪತ್ರೆಯಲ್ಲಿ ತನ್ನ ಸುತ್ತ ನರಳುತ್ತಿದ್ದ ಮಕ್ಕಳನ್ನು ನೋಡಿದವನು ಕೃತಕ ಕಾಲು ಕಟ್ಟಿಕೊಂಡು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಲು ಹೊರಟ. 1980ರ ಏಪ್ರಿಲ್ 12ರಂದು ಶುರು ಮಾಡಿ 143 ದಿನ, 5,373 ಕಿಲೋಮೀಟರ್ ಓಡಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದಾಗ ನಿಲ್ಲಿಸಲೇಬೇಕಾಯಿತು. ಮುಂದಿನ ವರ್ಷ ಜೂನ್‌ನಲ್ಲಿ ತೀರಿಕೊಂಡ, ಆಗ ಅವನಿಗೆ 22 ವರ್ಷ.

ಅವನು ಕೇಳಿದ್ದು ದೇಶದ ಪ್ರತಿಯೊಬ್ಬರಿಂದ ಒಂದು ಡಾಲರ್. ಕೆನಡಾದ ಜನಸಂಖ್ಯೆ ಆಗ ಸುಮಾರು 2 ಕೋಟಿ 40 ಲಕ್ಷ. ಅವನು ಬದುಕಿದ್ದಾಗಲೇ ಅಷ್ಟೂ ಡಾಲರ್ ಸೇರಿತು. ತನ್ನ ಓಟವನ್ನು ಯಾವ ಕಂಪನಿಯ ಜಾಹೀರಾತಿಗೂ ಬಳಸಲು ಅವನು ಬಿಡಲಿಲ್ಲ. ಅವನ ಹೆಸರಿನಲ್ಲಿ ಇವತ್ತಿಗೂ ನಡೆಯುವ ಓಟದಲ್ಲಿ ಮೊದಲು ಬಂದವರು, ಕೊನೆಗೆ ಬಂದವರು ಎಂಬ ಲೆಕ್ಕವೇ ಇಲ್ಲ.

ನಮ್ಮ ದೇಶದಲ್ಲಿ 2004ರಲ್ಲಿ ಮುಂಬೈ ಮ್ಯಾರಥಾನ್ ಶುರುವಾಯಿತು, 2008ರಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ. 2012ರಲ್ಲಿ ಮಿಲಿಂದ್ ಸೋಮನ್ ಮತ್ತು ಗೆಳೆಯರು ಸ್ತನ ಕ್ಯಾನ್ಸರ್ ಬಗ್ಗೆ ಅರಿವು ಮೂಡಿಸಲು ಹೆಂಗಸರಿಗಾಗಿಯೇ ಪಿಂಕಥಾನ್ ಶುರು ಮಾಡಿದರು. ಬೆಂಗಳೂರಿನಲ್ಲಿ ನಡೆದದ್ದು ಮೈಸೂರು ರಸ್ತೆ, ಕನಕಪುರ ರಸ್ತೆ, ಮಾಗಡಿ ರಸ್ತೆ ಹಿಡಿದು ನಮ್ಮ ಊರುಗಳಿಗೆ ಬರಲು ಎಷ್ಟು ಹೊತ್ತು ಬೇಕು?

ಬಂದದ್ದು ಒಳ್ಳೆಯದೇ ಆಯಿತು. ನಮ್ಮ ಹಳ್ಳಿಗಳಲ್ಲಿ ಕ್ಯಾನ್ಸರ್ ಅನ್ನುವ ಪದವನ್ನು ಬಾಯಿಬಿಟ್ಟು ಆಡುವುದಿಲ್ಲ. "ಅದೇ, ಆ ಕಾಯ್ಲೆ" ಅನ್ನುತ್ತಾರೆ. ಎದೆಯಲ್ಲಿ ಗಂಟು ಕಂಡರೆ ಹೆಂಗಸರು ವರ್ಷಗಟ್ಟಲೆ ಸೆರಗಿನಡಿ ಮುಚ್ಚಿಟ್ಟುಕೊಳ್ಳುತ್ತಾರೆ. ಹೀಗಿರುವಾಗ ನಾನ್ನೂರು ಜನ ಆ ಪದವನ್ನು ಎದೆಯ ಮೇಲೆ ಬರೆಸಿಕೊಂಡು ಪೇಟೆ ಬೀದಿಯಲ್ಲಿ ಓಡಿದರೆ ನಾಚಿಕೆ ಒಂದು ಗೇಣಾದರೂ ಹಿಂದೆ ಸರಿಯುತ್ತದೆ. ಈ ಲಾಭ ದುಡ್ಡಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಮುನ್ನೂರು ರೂಪಾಯಿ ಎಲ್ಲಿಗೆ ಹೋಯಿತು

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಓಟ ಸಂಘಟಿಸಿ ಗೊತ್ತಿರುವ ಗೆಳೆಯರೊಂದಿಗೆ ಕೂತು ಒಂದು ಅಂದಾಜು ಲೆಕ್ಕ ಹಾಕಿದೆವು. ಇದು ಯಾವ ಒಂದು ಓಟದ ಲೆಕ್ಕವೂ ಅಲ್ಲ, ಉದಾಹರಣೆ ಮಾತ್ರ.

ನಾನ್ನೂರು ಜನ, ತಲಾ 300 ರೂಪಾಯಿ ಅಂದರೆ 1,20,000 ರೂಪಾಯಿ. ಒಬ್ಬರಿಗೆ ಟೀ ಶರ್ಟಿಗೆ 130, ಪದಕಕ್ಕೆ 40, ಇಡ್ಲಿ, ನೀರು, ಬಾಳೆಹಣ್ಣಿಗೆ 50, ಶಾಮಿಯಾನ, ಮೈಕು, ಫ್ಲೆಕ್ಸು, ಆಂಬುಲೆನ್ಸಿಗೆ 30. ಒಟ್ಟು 250. ಉಳಿದದ್ದು 50. ನಾನ್ನೂರು ಜನರಿಂದ 20,000 ರೂಪಾಯಿ.

ಇದರಲ್ಲಿ ಯಾರೂ ಕದ್ದಿಲ್ಲ ಅನ್ನುವುದನ್ನು ಗಮನಿಸಿ. ಎಲ್ಲರೂ ಪ್ರಾಮಾಣಿಕರಾಗಿದ್ದರೂ 1 ಲಕ್ಷ 20 ಸಾವಿರದಲ್ಲಿ ರೋಗಿಗೆ, ಮಕ್ಕಳಿಗೆ ತಲುಪುವುದು ಇಷ್ಟು. ದೊಡ್ಡ ನಗರಗಳ ಓಟಗಳಲ್ಲೂ ಸಾಮಾನ್ಯವಾಗಿ ಪ್ರವೇಶ ಶುಲ್ಕ ಓಟ ನಡೆಸುವ ಖರ್ಚಿಗೇ ಹೋಗುತ್ತದೆ. ದೇಣಿಗೆ ಬೇರೆ ದಾರಿಯಲ್ಲಿ ಬರುತ್ತದೆ. ಓಡುವವರು ತಮ್ಮ ನೆಂಟರು, ಗೆಳೆಯರು, ಸಹೋದ್ಯೋಗಿಗಳ ಹತ್ತಿರ "ನಾನು ಇಂಥ ಸಂಸ್ಥೆಗಾಗಿ ಓಡುತ್ತಿದ್ದೇನೆ, ನೀವೂ ಕೊಡಿ" ಎಂದು ಕೇಳಿ ಸೇರಿಸುತ್ತಾರೆ. ಓಟ ಒಂದು ನೆಪ, ಕೇಳುವುದೇ ಕೆಲಸ. ನಮ್ಮ ಊರಿನ ಓಟಗಳು ನಗರದಿಂದ ಟೀ ಶರ್ಟು, ಪದಕ ಎರಡನ್ನೂ ತಂದವು. ಕೇಳುವ ಕೆಲಸವನ್ನು ಅಲ್ಲೇ ಬಿಟ್ಟು ಬಂದವು.

ಹಳ್ಳಿಯವರಾದ ನಮಗೆ ಕೇಳುವುದು ಹೊಸದೇನಲ್ಲ. ಊರಹಬ್ಬಕ್ಕೆ ಮನೆಮನೆಗೆ ಹೋಗಿ ವಂತಿಗೆ ಎತ್ತುತ್ತೇವೆ. ಹಬ್ಬ ಮುಗಿದ ಮೇಲೆ ಒಂದು ದಿನ ದೇವಸ್ಥಾನದ ಮುಂದೆ ಎಲ್ಲರೂ ಸೇರುತ್ತಾರೆ, ಒಬ್ಬರು ನೋಟ್‌ಬುಕ್ ಹಿಡಿದು ಓದುತ್ತಾರೆ. ಹೂವಿಗೆ ಎಷ್ಟು, ತಮಟೆಯವರಿಗೆ ಎಷ್ಟು, ಎಷ್ಟು ತೆಂಗಿನಕಾಯಿ ಬಂತು, ಎಷ್ಟು ಒಡೆದದ್ದು, ಎಷ್ಟು ಉಳಿದದ್ದು. ಐವತ್ತು ರೂಪಾಯಿ ತಾಳೆಯಾಗದಿದ್ದರೆ ಜಗಳವೇ ಆಗುತ್ತದೆ. ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿದವರಂತೂ ತಮ್ಮ ಲಾಟಿನ ತೂಕವೆಷ್ಟು, ದರವೆಷ್ಟು ಅನ್ನುವುದನ್ನು ನೋಡದೆ ಅಲ್ಲಿಂದ ಕದಲುವುದಿಲ್ಲ. ತಂದೆ ಸತ್ತ ಮಕ್ಕಳ ಹೆಸರಿನಲ್ಲಿ ಎತ್ತಿದ ದುಡ್ಡಿಗೆ ಮಾತ್ರ ಯಾಕೆ ಲೆಕ್ಕ ಕೇಳುವುದಿಲ್ಲ? ಪುಣ್ಯದ ಕೆಲಸದಲ್ಲಿ ಲೆಕ್ಕ ಕೇಳಬಾರದು ಎನ್ನುತ್ತಾರೆ. ಹಬ್ಬವೂ ಪುಣ್ಯದ ಕೆಲಸವೇ ಅಲ್ಲವೇ?

ಕಾಯಿಲೆಯ ಖರ್ಚು ಆಸ್ಪತ್ರೆಯ ಬಿಲ್ಲಿನಲ್ಲಿ ಇಲ್ಲ

ಆ ಮನೆಗೆ ಹೋದಾಗ ಹುಡುಗಿಯ ಅಮ್ಮ ಹಿಪ್ಪುನೇರಳೆ ಸೊಪ್ಪು ಹೊತ್ತು ತಂದು ಆಗತಾನೆ ಇಳಿಸಿದ್ದರು. ಗಂಡನ ಚಿಕಿತ್ಸೆಗೆ ಎಷ್ಟು ಖರ್ಚಾಯಿತು ಅಂತ ಕೇಳಿದೆವು.

"ಆಸ್ಪತ್ರೇಲಿ ಜಾಸ್ತಿ ಆಗ್ಲಿಲ್ಲ ಕಣಪ್ಪ, ಕಾರ್ಡಿತ್ತು. ಓಡಾಡಿದ್ದೇ ನಮ್ಮನ್ನ ಮುಗಿಸ್ತು" ಅಂದರು.

ಅವರ ಮಾತು ಸರಿ. 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆ ನಮ್ಮ ಭಾಗದ ಬಡವರಿಗೆ ದೊಡ್ಡ ಆಸರೆ. ರಫಿ ಅಹ್ಮದ್ ಕಿದ್ವಾಯಿ ಅವರ ನೆನಪಿಗೆ ಬಂದ ದೇಣಿಗೆ ಆ ಆಸ್ಪತ್ರೆಯ ಹುಟ್ಟಿಗೆ ಕಾರಣವಾದವುಗಳಲ್ಲಿ ಒಂದು.

ಆದರೆ ರೇಡಿಯೇಷನ್ ಅಂದರೆ ವಾರಕ್ಕೆ ಐದು ದಿನ, ಸಾಮಾನ್ಯವಾಗಿ ಐದಾರು ವಾರ. ಸುಮಾರು ಮೂವತ್ತು ಸಲ ಹೋಗಬೇಕು. ಒಳಗೆ ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಮಾಗಡಿ ಕಡೆಯ ಹಳ್ಳಿಯಿಂದ ಹೋಗುವವರು ಕತ್ತಲಲ್ಲೇ ಎದ್ದು ಹಳ್ಳಿಯಿಂದ ಪೇಟೆಗೆ, ಪೇಟೆಯಿಂದ ಬೆಂಗಳೂರಿಗೆ, ಅಲ್ಲಿಂದ ಹೊಸೂರು ರಸ್ತೆಗೆ ಮೂರು ಬಸ್ಸು ಹತ್ತಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಿಂದಾಗಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಅದೊಂದು ದೊಡ್ಡ ಉಪಕಾರ. ಗಂಡಸರಿಗೆ ಟಿಕೆಟ್ ಇದ್ದೇ ಇದೆ. ಜೊತೆಗೆ ಹೋದವರ ಕೂಲಿ ಹೋಯಿತು. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿಯನ್ನೇ ಹಿಡಿದರೂ ಮೂವತ್ತು ದಿನಕ್ಕೆ 11,100 ರೂಪಾಯಿ. ಬಸ್ಸು, ಊಟ, ಕಾಫಿ ಬೇರೆ.

ಹೊರಗಿನಿಂದ ಬಂದವರಿಗೆ ಕಾಣದ ಖರ್ಚು ಇನ್ನೊಂದಿದೆ. ಈ ಮನೆಯಲ್ಲಿ ಆಗ ಹುಳು ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆ ಗೊತ್ತಿದ್ದವರಿಗೆ ಅದರ ಅರ್ಥ ಗೊತ್ತು. ಆ ವಾರ ಹುಳು ತಿನ್ನುವಷ್ಟು ಇನ್ನೆಂದೂ ತಿನ್ನುವುದಿಲ್ಲ, ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನ ಬಸ್ಸಿನಲ್ಲಿ. ಹನ್ನೆರಡು ಹದಿಮೂರು ವರ್ಷದ ಹುಡುಗಿ ಶಾಲೆ ಬಿಟ್ಟು ಸೊಪ್ಪು ಕುಯ್ದಳು, ಹಸು ಕರೆದಳು, ತಮ್ಮನಿಗೆ ಮುದ್ದೆ ತಿರುವಿದಳು. ಚಂದ್ರಂಕಿಗೆ ಬಿಡುವ ಹೊತ್ತಿಗೆ ಅರ್ಧ ಹುಳು ಸಪ್ಪೆ ರೋಗಕ್ಕೆ ಹೋಗಿತ್ತು. ಬೆಳೆ ಹೋಯಿತು, ಸಾಲ ಉಳಿಯಿತು. ಐದು ಸಾವಿರದ ಚೆಕ್ಕು ಆ ಸಾಲದ ಬಡ್ಡಿಗೆ ಹೋಯಿತು.

ಅಂದರೆ ಮಗು ಅಪ್ಪನನ್ನು ಕಳೆದುಕೊಳ್ಳುವ ಮೊದಲೇ ಶಾಲೆಯನ್ನು ಕಳೆದುಕೊಳ್ಳಲು ಶುರು ಮಾಡಿತ್ತು. ಓಟದ ದುಡ್ಡು ಬಂದದ್ದು ಅಪ್ಪ ಸತ್ತ ಆರು ತಿಂಗಳಿಗೆ.

ಈ ಖರ್ಚನ್ನು ಅರ್ಥಮಾಡಿಕೊಂಡ ಕೆಲಸಗಳೂ ನಡೆದಿವೆ. ದೂರದಿಂದ ಬಂದವರು ತಂಗಲಿ ಅಂತ ಕಿದ್ವಾಯಿ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಧರ್ಮಶಾಲೆ ಕಟ್ಟಿಸಿತು. ಇನ್ನು ಗುಣವಾಗುವುದಿಲ್ಲ ಎಂದು ವೈದ್ಯರು ಹೇಳಿದ ರೋಗಿಗಳನ್ನು ನೋವಿಲ್ಲದೆ ನೋಡಿಕೊಳ್ಳಲು ಬೆಂಗಳೂರಿನ ಮಾರತ್ತಹಳ್ಳಿ ಕಡೆ 1999ರಿಂದ ಕರುಣಾಶ್ರಯ ನಡೆಯುತ್ತಿದೆ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ ಕಟ್ಟಿದ್ದು. ದೇಣಿಗೆಯ ಬಲದಲ್ಲಿ ನಡೆಯುವ ಆ ಜಾಗದಲ್ಲಿ ರೋಗಿಯಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. "ಮನೆಗೆ ಕರ್ಕೊಂಡ್ ಹೋಗಿ" ಅನ್ನಿಸಿಕೊಂಡು ನೋವಿನಲ್ಲಿ ನರಳುವವರು ನಿಮ್ಮ ಊರಿನಲ್ಲಿದ್ದರೆ ಈ ಹೆಸರು ನೆನಪಿರಲಿ.

ಒಂದು ಓಟಕ್ಕಿಂತ ಒಂದು ಅರ್ಜಿ ದೊಡ್ಡದು

ಆ ತಾಯಿಯನ್ನು ಕೇಳಿದೆವು, "ಮಕ್ಕಳಿಗೆ ಸರ್ಕಾರದಿಂದ ತಿಂಗಳಿಗೆ ನಾಲ್ಕು ಸಾವಿರ ಬರುತ್ತದಲ್ಲ ಅಮ್ಮ, ಅರ್ಜಿ ಹಾಕಿದ್ದೀರಾ?"

"ಅದು ಅನಾಥ ಮಕ್ಕಳಿಗಲ್ವೇನಪ್ಪ? ನಾನು ಬದುಕಿದೀನಲ್ಲ" ಅಂದರು.

ನಮ್ಮ ಎಷ್ಟೋ ಊರುಗಳಲ್ಲಿ ಜನ ತಿಳಿದುಕೊಂಡಿರುವುದು ಹೀಗೆಯೇ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ಭಾಗವಿದೆ. ಮಗುವನ್ನು ಹಾಸ್ಟೆಲಿಗೋ ಆಶ್ರಮಕ್ಕೋ ಕಳಿಸದೆ ತನ್ನ ಮನೆಯಲ್ಲೇ ಬೆಳೆಯಲು ತಿಂಗಳಿಗೆ 4,000 ರೂಪಾಯಿ ಕೊಡುವ ವ್ಯವಸ್ಥೆ ಇದು. ತಾಯಿ ವಿಧವೆಯಾಗಿದ್ದರೆ, ಗಂಡ ಬಿಟ್ಟುಹೋಗಿದ್ದರೆ, ತಂದೆ ತಾಯಿ ಇಬ್ಬರೂ ಇಲ್ಲದೆ ಮಗು ನೆಂಟರ ಮನೆಯಲ್ಲಿದ್ದರೆ ಅರ್ಜಿ ಹಾಕಬಹುದು. ಅಷ್ಟೇ ಅಲ್ಲ, ತಂದೆ ಅಥವಾ ತಾಯಿ ಪ್ರಾಣಕ್ಕೆ ಅಪಾಯವಿರುವ ಕಾಯಿಲೆಗೆ ತುತ್ತಾಗಿದ್ದರೂ ಹಾಕಬಹುದು. ಸಾಯುವವರೆಗೆ ಕಾಯಬೇಕಿಲ್ಲ. ಹಳ್ಳಿಯ ಕುಟುಂಬಕ್ಕೆ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು.

ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ದಾರಿ ಗೊತ್ತಾಗದಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ. ಮಗುವಿನ ಆಧಾರ್, ಶಾಲೆಯ ವ್ಯಾಸಂಗ ಪತ್ರ, ಬ್ಯಾಂಕ್ ಪಾಸ್‌ಬುಕ್, ತೀರಿಕೊಂಡವರ ಮರಣ ಪತ್ರ ಅಥವಾ ಆಸ್ಪತ್ರೆಯ ಕಾಗದ, ಆದಾಯ ಪ್ರಮಾಣ ಪತ್ರ, ರೇಷನ್ ಕಾರ್ಡ್ ಇಷ್ಟನ್ನು ಮೊದಲು ಜೋಡಿಸಿಟ್ಟುಕೊಳ್ಳಿ.

ಇನ್ನೂ ಒಂದಿದೆ. ಬಿಪಿಎಲ್ ಮನೆಯ ದುಡಿಯುವ ವ್ಯಕ್ತಿ 18ರಿಂದ 59 ವರ್ಷದೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದೇ ಸಲಕ್ಕೆ 20,000 ರೂಪಾಯಿ ಸಿಗುತ್ತದೆ. ಅದಕ್ಕೆ, ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ವಿಚಾರಿಸಿ.

ಈಗ ಎರಡು ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾನ್ನೂರು ಜನ ಓಡಿ ಉಳಿಸಿದ್ದು 20,000. ಒಂದು ಮಗುವಿನ ಒಂದು ಅರ್ಜಿ ಮಂಜೂರಾದರೆ ವರ್ಷಕ್ಕೆ 48,000. ನಾನ್ನೂರು ಜನರ ಬೆವರಿಗಿಂತ ಒಬ್ಬರು ನಾಲ್ಕು ದಿನ ಕಚೇರಿಗೆ ಅಲೆದು ಮಾಡಿಸಿದ ಅರ್ಜಿ ಹೆಚ್ಚು ತರುತ್ತದೆ.

ಹಾಗಾದರೆ ಓಟದ ದುಡ್ಡು ಯಾಕೆ ಅನ್ನಬೇಡಿ. ಅರ್ಜಿ ಮಂಜೂರಾಗಿ ದುಡ್ಡು ಖಾತೆಗೆ ಬೀಳಲು ತಿಂಗಳುಗಳೇ ಹಿಡಿಯಬಹುದು. ಆದಾಯ 72 ಸಾವಿರಕ್ಕಿಂತ ಸ್ವಲ್ಪ ಹೆಚ್ಚಿದ್ದವರು ಹೊರಗೇ ಉಳಿಯುತ್ತಾರೆ. ಮೂವತ್ತು ದಿನದ ಬಸ್ಸಿಗೆ, ಹಸುವಿನ ಬೂಸಾಕ್ಕೆ, ಸೊಪ್ಪು ಕುಯ್ಯುವ ಕೂಲಿಗೆ ಯಾವ ಯೋಜನೆಯಲ್ಲೂ ಕಾಲಂ ಇಲ್ಲ. ಸರ್ಕಾರದ ಕೈ ಮುಟ್ಟದ ಆ ಜಾಗವನ್ನು ಓಟದ ದುಡ್ಡು ತುಂಬಬೇಕು.

ದುಡ್ಡಿನಿಂದ ತುಂಬದ ಜಾಗವೂ ಇದೆ. ನಮ್ಮಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ನಮ್ಮ ಹೊಲದ ನಾಟಿಗೆ ನೀವು ಬನ್ನಿ, ನಿಮ್ಮ ಹೊಲಕ್ಕೆ ನಾವು ಬರುತ್ತೇವೆ. ದುಡ್ಡಿಲ್ಲ, ಆಳಿಗೆ ಆಳು. ರೇಡಿಯೇಷನ್ನಿಗೆ ಹೋದ ಮನೆಯ ಹುಳುವಿಗೆ ಸೊಪ್ಪು ಹಾಕಲು, ಹಸು ಕರೆಯಲು ಮೂವತ್ತು ದಿನ ದಿನಕ್ಕೊಬ್ಬರು ಸಿಕ್ಕಿದ್ದರೆ ಆ ಹುಡುಗಿ ಶಾಲೆ ಬಿಡಬೇಕಿರಲಿಲ್ಲ. ಐದು ಕಿಲೋಮೀಟರ್ ಓಡಬಲ್ಲ ಹುಡುಗರಿಗೆ ಒಂದು ಹೊರೆ ಸೊಪ್ಪು ಹೊರುವುದು ಕಷ್ಟವೇ?

ನಾವು ಕೇಳುತ್ತಿರುವುದು

ಮುಂದಿನ ಓಟ ಸಂಘಟಿಸುವ ಸಂಘಗಳಿಗೆ, ಯುವಕರಿಗೆ, ಓಡಲು ಹೊರಟ ನಿಮಗೆ ಐದು ಮಾತು.

ಒಂದು, ಮುನ್ನೂರರಲ್ಲಿ ಎಷ್ಟು ಖರ್ಚಿಗೆ, ಎಷ್ಟು ನೆರವಿಗೆ ಅನ್ನುವುದನ್ನು ಓಟಕ್ಕೆ ಮೊದಲೇ ಹೇಳಿ. ಟೀ ಶರ್ಟ್, ಪದಕ ಬೇಡ ಅನ್ನುವವರಿಗೆ ಬೇಡ ಅನ್ನುವ ಅವಕಾಶ ಕೊಡಿ, ಆ ದುಡ್ಡನ್ನು ನೆರವಿಗೆ ಸೇರಿಸಿ. ಬಿಡದಿ, ಹಾರೋಹಳ್ಳಿಯಲ್ಲಿ ಇಷ್ಟೊಂದು ಕಾರ್ಖಾನೆಗಳಿವೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಮಕ್ಕಳ ನೆರವಿಗೆ, ರೋಗಿಗಳ ಓಡಾಟಕ್ಕೆ ಒಂದು ಪಾಲು ಕೊಡಿ ಎಂದು ಅವರನ್ನು ಕೇಳಿ.

ಎರಡು, ಓಟವಾದ ತಿಂಗಳೊಳಗೆ ಲೆಕ್ಕ ಓದಿ. ಫ್ಲೆಕ್ಸ್ ಕಟ್ಟಿದ ಜಾಗದಲ್ಲೇ ಲೆಕ್ಕದ ಹಾಳೆಯನ್ನೂ ಅಂಟಿಸಿ. ಕೊಟ್ಟವರಿಗೆ ರಸೀದಿ ಕೊಡಿ. ಸಹಾಯ ಪಡೆದವರ ಹೆಸರು ಬೇಡ, "ಇಷ್ಟು ಕುಟುಂಬ, ಇಷ್ಟು ತಿಂಗಳು, ಇಷ್ಟು ರೂಪಾಯಿ" ಎಂದಿದ್ದರೆ ಸಾಕು.

ಮೂರು, ಮಕ್ಕಳನ್ನು ವೇದಿಕೆ ಹತ್ತಿಸಬೇಡಿ. ರಟ್ಟಿನ ಚೆಕ್ಕು ಬೇಡ. ದುಡ್ಡು ಖಾತೆಗೆ ಹೋಗಲಿ, ಫೋಟೋ ಬೇಕಿದ್ದರೆ ಓಡಿದವರದು ಹಾಕಿ. ನಾವು ನಮ್ಮ ಪುಟದ ಮಟ್ಟಿಗೆ ಇದನ್ನು ನಿಯಮ ಮಾಡಿಕೊಂಡಿದ್ದೇವೆ. ಇನ್ನು ಮುಂದೆ ಅಂಥ ಫೋಟೋ ನಮ್ಮಲ್ಲಿ ಬರುವುದಿಲ್ಲ, ಬಂದರೆ ನಮ್ಮನ್ನು ಬಯ್ಯಿರಿ.

ನಾಲ್ಕು, ಒಂದು ದಿನದ ಐದು ಸಾವಿರಕ್ಕಿಂತ ತಿಂಗಳಿಗೆ ಐನೂರರಂತೆ ಹತ್ತು ತಿಂಗಳು ಕೊಟ್ಟರೆ ಮೇಲು. ಅದನ್ನು ತಲುಪಿಸಲು ತಿಂಗಳಿಗೊಮ್ಮೆ ಒಬ್ಬರು ಆ ಮನೆಗೆ ಹೋಗಬೇಕಾಗುತ್ತದೆ. ಮಗು ಶಾಲೆಗೆ ಹೋಗುತ್ತಿದೆಯೇ, ಅರ್ಜಿ ಎಲ್ಲಿಗೆ ಬಂತು ಅನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ.

ಐದು, ಓಟದ ದಿನವೇ ತಪಾಸಣೆ ನಡೆಯಲಿ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರದ ಆರೋಗ್ಯ ಕೇಂದ್ರಗಳ ಕೆಲಸದಲ್ಲೇ ಸೇರಿದೆ. ಕರೆದರೆ ಬರುತ್ತಾರೆ. ಹಾಗೆಯೇ ಓಟ ಶುರುವಾಗುವ ಶಾಲೆಯ ಗೇಟಿನ ಎದುರು ನೋಡಿ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ ಅಂತ 2003ರಿಂದ ಕಾನೂನಿದೆ. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲೇ ನಿಷೇಧಿಸಿದೆ. ಬಾಯಿ ಕ್ಯಾನ್ಸರ್ ವಿರುದ್ಧ ಓಡುವವರು ಆ ಪೊಟ್ಟಣಗಳ ಸಾಲಿನ ಕೆಳಗೇ ಹಾದುಹೋಗುವುದನ್ನು ನಾವು ನೋಡಿದ್ದೇವೆ.

ಇಷ್ಟೆಲ್ಲ ಕೇಳಿದರೆ ಓಟ ಮಾಡಿಸುವವರು ಬೇಸತ್ತು ಬಿಟ್ಟೇಬಿಡುತ್ತಾರೆ ಅಂತ ನಮ್ಮ ಗೆಳೆಯರೊಬ್ಬರು ಹೇಳಿದರು. ಬೆಳಗಿನ ಜಾವ ಎದ್ದು ಸುಣ್ಣದ ಗೆರೆ ಎಳೆದು, ಬ್ಯಾರಿಕೇಡ್ ಹೊತ್ತು, ಯಾರಿಂದಲೂ ಶಹಬ್ಬಾಸ್ ಸಿಗದೆ ಮನೆಗೆ ಹೋಗುವ ಹುಡುಗರನ್ನು ನಾವೂ ಬಲ್ಲೆವು. ಅವರ ಮೇಲೆ ನಮಗೆ ಅನುಮಾನವಿಲ್ಲ. ಲೆಕ್ಕ ಓದಿದರೆ ಅವರ ಹೆಸರು ಉಳಿಯುತ್ತದೆ, ಮುಂದಿನ ಸಲ ಕೊಡುವ ಕೈ ಹೆಚ್ಚುತ್ತದೆ. ಲೆಕ್ಕ ಓದುವ ಊರಿನ ಹಬ್ಬ ನಿಂತದ್ದನ್ನು ನಾವು ಕಂಡಿಲ್ಲ. ಲೆಕ್ಕ ಓದದೆ ಎರಡು ಪಾರ್ಟಿಯಾಗಿ ಹಬ್ಬ ನಿಂತ ಊರುಗಳನ್ನು ಮಾತ್ರ ಕಂಡಿದ್ದೇವೆ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇವೆ. ನಾವು ಇಬ್ಬರು ಅವಳ ಅಮ್ಮನ ಜೊತೆ ನಾಡಕಚೇರಿಗೆ ಮೂರು ಸಲ, ಜಿಲ್ಲಾ ಕಚೇರಿಗೆ ಎರಡು ಸಲ ಹೋಗಿ ಬಂದೆವು. ಅಕ್ಕ ತಮ್ಮ ಇಬ್ಬರ ಅರ್ಜಿಯೂ ಈಗ ಸಮಿತಿಯ ಮುಂದಿದೆ. ಆಗುತ್ತದೋ ಇಲ್ಲವೋ, ಆದಾಗ ಬರೆಯುತ್ತೇವೆ. ಎರಡನೇ ಸಲ ಹೋದಾಗ ಹುಡುಗಿಗೆ ಕ್ಷಮೆ ಕೇಳಿದೆವು. ಅವಳು ಏನೂ ಹೇಳಲಿಲ್ಲ. ಮೂರನೇ ಸಲ, "ಅಣ್ಣ, ಆ ಫೋಟೋ ನಿಮ್ಮ ಫೋನಲ್ಲೂ ಅಳಿಸಿದೀರಾ?" ಅಂತ ಕೇಳಿದಳು. ಅವಳ ಎದುರಿಗೇ ಅಳಿಸಿದೆವು.

ನಿಮ್ಮ ಫೋನಿನಲ್ಲೂ ಅಂಥ ಫೋಟೋ ಯಾವುದಾದರೂ ಇದ್ದರೆ, ಇದನ್ನು ಓದಿದ ಮೇಲೆ ದಯವಿಟ್ಟು ಅಳಿಸಿಬಿಡಿ. ಹಾಲಿನ ಅಜ್ಜಿ ಇನ್ನೊಮ್ಮೆ ಸಿಕ್ಕರೆ ಅವರ ಪ್ರಶ್ನೆಗೆ ಈಗ ನಮ್ಮಲ್ಲಿ ಉತ್ತರವಿದೆ. ಓಡಿದರೆ ದುಡ್ಡು ಬರುವುದಿಲ್ಲ ಅಜ್ಜಿ, ಕೇಳಿದರೆ ಬರುತ್ತದೆ. ಸೇರಿಸುವಾಗಲೂ ಕೇಳಬೇಕು, ಸೇರಿದ ಮೇಲೂ ಕೇಳಬೇಕು.